ಹೂಕೋಸಿಗೂ ಒಂದು ಪಂಚಾಂಗ

ಹಸ್ತಾ ಮಳೆ ಮುಗಿದು ಚಿತ್ತಾ ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಎರಡನೇ ವಾರದ ಸುಮಾರಿಗೆ, ಬೆಂಗಳೂರಿನಲ್ಲಿ ಮನೆಯ ಪಕ್ಕ ಅಂಗೈಯಗಲ ಮಣ್ಣಿರುವವರಿಗೆಲ್ಲ ಬರುವ ಪ್ರಶ್ನೆ ಒಂದೇ: ಈ ಸಲ ಏನು ಹಾಕುವುದು? ಮುಂಗಾರಿನಲ್ಲಿ ಹಾಕಿದ ಬೆಂಡೆ, ಹೀರೆ ಅಷ್ಟರಲ್ಲಿ ಮುಗಿದಿರುತ್ತವೆ. ಮಣ್ಣಿನಲ್ಲಿ ಇನ್ನೂ ತೇವ ಇರುತ್ತದೆ, ಬೆಳಗ್ಗೆ ಸಣ್ಣಗೆ ಚಳಿ ಶುರುವಾಗಿರುತ್ತದೆ. ನರ್ಸರಿಗೆ ಹೋದರೆ ಸಿಗುವ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ: ಮೂಲಂಗಿ, ಮೆಂತ್ಯ, ಕ್ಯಾರೆಟ್, ನವಿಲುಕೋಸು, ಎಲೆಕೋಸು, ಹೂಕೋಸು, ಅವರೆ.

ತೋಟಗಾರಿಕೆಯ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪಟ್ಟಿ ಹಳೆಯ ಕಡತದಂತೆ ಕಾಣುತ್ತದೆ. ಯಾವುದು ಎಲ್ಲಿಂದ ಬಂತು, ಯಾರು ತಂದರು ಎಂದು ನಾವು ಸಾಮಾನ್ಯವಾಗಿ ಕೇಳುತ್ತೇವೆ. ಬಂದದ್ದನ್ನು ಇಲ್ಲಿ ಉಳಿಯುವಂತೆ ಮಾಡಿದವರು ಯಾರು ಎಂದು ಕೇಳುವುದು ಕಡಿಮೆ.

ಲಾಲ್‌ಬಾಗಿನ ಕಥೆ ಎಲ್ಲರಿಗೂ ಗೊತ್ತು. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಟಿಪ್ಪು ಬೆಳೆಸಿದ್ದು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದದ್ದು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ತೋಟಗಳಲ್ಲಿ ಚೌಕ ಚೌಕ ಪಾತಿಗಳಿದ್ದವು, ಒಂದೊಂದು ಜಾತಿಯ ಗಿಡಕ್ಕೂ ಬೇರೆ ಬೇರೆ ಜಾಗವಿತ್ತು ಎಂದು ಬರೆದಿಟ್ಟಿದ್ದಾನೆ. 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಹೆಸರಿನೊಂದಿಗೆ ಸೀಮೆಬದನೆ ಸೇರಿಕೊಂಡಿದೆ. ಅದನ್ನು ಇಲ್ಲಿ ರೂಢಿಗೆ ತಂದ ಶ್ರೇಯ ಅವನಿಗೇ ಸಲ್ಲುತ್ತದೆ. ಮೆಕ್ಸಿಕೋ ಕಡೆಯ ಈ ಬಳ್ಳಿಯನ್ನು ನಾವು ಸೀಮೆಯಿಂದ ಬಂದದ್ದು ಎನ್ನುತ್ತೇವೆ. ತಮಿಳರು ಅದನ್ನೇ ಬೆಂಗಳೂರು ಕತ್ತರಿಕ್ಕಾಯ್ ಎನ್ನುತ್ತಾರೆ. ಒಬ್ಬರ ಸೀಮೆ ಇನ್ನೊಬ್ಬರಿಗೆ ಬೆಂಗಳೂರು. ಆದರೆ ಕೆರೆಗಳ ಹಿಂದಿನ ತೋಟಗಳಲ್ಲಿ ತಲೆಮಾರುಗಳಿಂದ ಹೂ, ತರಕಾರಿ ಬೆಳೆದ ತಿಗಳ ಕುಟುಂಬಗಳಲ್ಲಿ ಯಾರ ಹೆಸರಿನೊಂದಿಗೂ ಒಂದು ಸೊಪ್ಪಿನ ಹೆಸರು ಕೂಡ ಸೇರಿಕೊಂಡಿಲ್ಲ.

ಈ ಮಾತು ಚೆನ್ನಾಗಿ ಅರ್ಥವಾಗಬೇಕಾದರೆ ಪಟ್ಟಿಯಲ್ಲಿರುವ ಹೂಕೋಸನ್ನು ಹಿಡಿದುಕೊಂಡು ಸ್ವಲ್ಪ ಉತ್ತರಕ್ಕೆ ಹೋಗಬೇಕು.

ಹೂಕೋಸು ಯುರೋಪಿನ ಚಳಿಗೆ ಒಗ್ಗಿದ ಗಿಡ. ನಾವು ತಿನ್ನುವ ಬಿಳಿ ಗಡ್ಡೆ ಇನ್ನೂ ಅರಳದ ಹೂಗೊಂಚಲಿನ ಮೊದಲ ರೂಪ. ಅದನ್ನು ಕೊಯ್ಯದೆ ಬಿಟ್ಟರೆ ಕವಲೊಡೆದು, ಹಳದಿ ಹೂ ಬಿಟ್ಟು, ಕಾಯಿ ಕಟ್ಟಿ ಬೀಜವಾಗಬೇಕು. ಆದರೆ ಯುರೋಪಿನ ತಳಿಗಳಿಗೆ ಅಷ್ಟು ದೂರ ಹೋಗಲು ಕೆಲವು ವಾರಗಳ ಗಟ್ಟಿ ಚಳಿ ಬೇಕು. ನಮ್ಮ ಬಯಲು ಸೀಮೆಯಲ್ಲಿ ಆ ಚಳಿ ಎಲ್ಲಿಂದ ಬರಬೇಕು? ಹಾಗಾಗಿ ಬೀಜ ವರ್ಷವರ್ಷವೂ ಹಡಗಿನಲ್ಲಿ ಬರಬೇಕಿತ್ತು. ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಸೆಕೆಯಲ್ಲಿ, ತೇವದಲ್ಲಿ ಕಳೆದು ಬಂದ ಬೀಜದಲ್ಲಿ ಎಷ್ಟು ಮೊಳೆಯುತ್ತದೆಯೋ ಅಷ್ಟೇ ಲಾಭ.

ಇಂಥ ಬೀಜ ತರಿಸಿ ಹಂಚುವ ಕೆಲಸ ಮಾಡುತ್ತಿದ್ದ ಸಂಸ್ಥೆಗಳಲ್ಲಿ ಕಲ್ಕತ್ತೆಯ ಕೃಷಿ ಮತ್ತು ತೋಟಗಾರಿಕೆ ಸೊಸೈಟಿ ಮುಖ್ಯವಾದದ್ದು. 1820ರಲ್ಲಿ ಅದನ್ನು ಕಟ್ಟಿದವನು ವಿಲಿಯಂ ಕೇರಿ. ಕನ್ನಡದವರಿಗೆ ಈತ ಬೇರೆ ಕಾರಣಕ್ಕೆ ಪರಿಚಿತ: 1817ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ ಪಾದ್ರಿ ಇವನೇ. ಅವನ ಸೊಸೈಟಿ ತರಕಾರಿ ಪ್ರದರ್ಶನಗಳನ್ನು ನಡೆಸಿ, ಒಳ್ಳೆಯ ಬೆಳೆ ತಂದ ಮಾಲಿಗಳಿಗೆ ನಗದು ಬಹುಮಾನ ಕೊಡುತ್ತಿತ್ತು.

ಹೂಕೋಸು ಭಾರತಕ್ಕೆ ಬಂದ ಬಗ್ಗೆ ತೋಟಗಾರಿಕೆಯ ಪಠ್ಯಪುಸ್ತಕಗಳು ಒಂದೇ ಸಾಲನ್ನು ಹೇಳುತ್ತವೆ: 1822ರಲ್ಲಿ ಸಹಾರನ್‌ಪುರದ ಕಂಪನಿ ಬಾಗಿನ ಮುಖ್ಯಸ್ಥ ಡಾಕ್ಟರ್ ಜೆಮ್ಸನ್ ಇಂಗ್ಲೆಂಡಿನ ಕ್ಯೂ ತೋಟದಿಂದ ಬೀಜ ತರಿಸಿದ. ಆದರೆ ಆ ತೋಟದ ಮೇಲ್ವಿಚಾರಕರ ಪಟ್ಟಿಯನ್ನು ನೋಡಿದರೆ 1822ರಲ್ಲಿ ಅಲ್ಲಿದ್ದವನು ಜಾರ್ಜ್ ಗೋವನ್. ಆಮೇಲೆ ರಾಯ್ಲ್, ಫಾಲ್ಕನರ್. ವಿಲಿಯಂ ಜೇಮ್ಸನ್ ಆ ಕುರ್ಚಿಗೆ ಬಂದದ್ದು 1842ರಲ್ಲಿ. ಒಂದೋ ವರ್ಷ ತಪ್ಪು, ಇಲ್ಲವೇ ಹೆಸರು ತಪ್ಪು. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಆದರೂ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಆ ಸಾಲು ನಕಲಾಗುತ್ತಲೇ ಇದೆ. ತಂದವನು ಒಬ್ಬ ಇರಲೇಬೇಕು, ಅವನು ಅಧಿಕಾರಿಯೇ ಆಗಿರಬೇಕು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ.

ನಿಜವಾದ ಕೆಲಸ ನಡೆದದ್ದು ಆಮೇಲೆ, ಉತ್ತರದ ಬಯಲಿನ ಹೊಲಗಳಲ್ಲಿ. ನೂರು ಗಿಡ ನೆಟ್ಟರೆ ಬಹುಪಾಲು ಬರೀ ಎಲೆ ಬಿಟ್ಟು ಕೂರುತ್ತವೆ. ಯಾವುದೋ ನಾಲ್ಕು ಗಿಡ ಅಷ್ಟು ಚಳಿಯಿಲ್ಲದೆಯೂ ಗಡ್ಡೆ ಕಟ್ಟುತ್ತವೆ, ಹೂ ಬಿಡುತ್ತವೆ. ಆ ನಾಲ್ಕರ ಬೀಜ ಮುಂದಿನ ವರ್ಷಕ್ಕೆ. ಅದರಲ್ಲಿ ಮತ್ತೆ ಆಯ್ಕೆ, ಮತ್ತೆ ಮುಂದಿನ ವರ್ಷಕ್ಕೆ. ಹೀಗೆ ಸುಮಾರು ನೂರು ವರ್ಷ. ಇದು ಸುಲಭದ ಮಾತಲ್ಲ. ಬೀಜಕ್ಕೆ ಬಿಡಬೇಕಾದದ್ದು ಎಲ್ಲಕ್ಕಿಂತ ಮೊದಲು ಬಂದ, ಚೆನ್ನಾಗಿ ಬಂದ ಗಡ್ಡೆಯನ್ನು. ಸಂತೆಯಲ್ಲಿ ಹೆಚ್ಚು ದುಡ್ಡು ತರುವುದೂ ಅದೇ. ಅದನ್ನು ಕೊಯ್ಯದೆ ಹೊಲದಲ್ಲಿ ಬಿಟ್ಟವನು ಆ ವರ್ಷದ ಕಾಸನ್ನು ಕೈಬಿಟ್ಟಿರುತ್ತಾನೆ.

ಹೀಗೆ ಹುಟ್ಟಿದ್ದು ಭಾರತೀಯ ಹೂಕೋಸು ಎಂದು ಇಂದು ವಿಜ್ಞಾನಿಗಳು ಬೇರೆಯಾಗಿ ಗುರುತಿಸುವ ಗುಂಪು. 1972ರಲ್ಲಿ ವಿಷ್ಣು ಸ್ವರೂಪ್ ಮತ್ತು ಚಟರ್ಜಿ ಎಂಬ ವಿಜ್ಞಾನಿಗಳು ಅದರ ಮೂಲವನ್ನು ಕೆದಕಿ, ಇಂಗ್ಲೆಂಡಿನ ಕಾರ್ನಿಷ್ ತಳಿಯ ಗುಣಗಳು ಅದರಲ್ಲಿ ಹೆಚ್ಚಾಗಿವೆ ಎಂದು ತೋರಿಸಿದರು. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಬೆಳೆಗಾರರು ಈ ತಳಿಗಳಿಗೆ ಇಟ್ಟ ಹೆಸರುಗಳು. ಕ್ವಾರ್ ಅಂದರೆ ಆಶ್ವಯುಜ. ಆಗ ಕೊಯ್ಲಿಗೆ ಬರುವುದು ಕುವಾರಿ. ಕಾರ್ತಿಕದ್ದು ಕಾತ್ಕಿ. ಮಾರ್ಗಶಿರದ್ದು ಅಗಹನಿ. ಪುಷ್ಯದ್ದು ಪೂಸಿ, ಮಾಘದ್ದು ಮಾಘಿ. ಕ್ಯೂ ತೋಟದ ಗಿಡ ಪಂಚಾಂಗದೊಳಗೆ ಬಂದು ಕೂತಿತು. ಒಂದೊಂದು ತಿಂಗಳಿಗೆ ಒಂದೊಂದು ತಳಿ ಇದ್ದುದರಿಂದ ಬೆಳೆಗಾರನಿಗೆ ಸಂತೆ ತಪ್ಪುತ್ತಿರಲಿಲ್ಲ. 1929ರಲ್ಲಿ ಸಟನ್ ಅಂಡ್ ಸನ್ಸ್ ಬೀಜದ ಕಂಪನಿ ಅರ್ಲಿ ಪಟ್ನಾ, ಮೇನ್ ಕ್ರಾಪ್ ಪಟ್ನಾ ಎಂಬ ತಳಿಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಹೆಸರಿನಲ್ಲಿ ಊರು ಉಳಿಯಿತು, ತಿಂಗಳು ಹೋಯಿತು. ಮುಂದೆ ದೆಹಲಿಯ ಪೂಸಾ ಸಂಸ್ಥೆ ಪೂಸಾ ಕಾತ್ಕಿ ಎಂದು ಹೆಸರಿಟ್ಟಾಗ ತಿಂಗಳು ಮರಳಿ ಬಂತು. ಮೊದಲು ಬೀಜ ಆರಿಸಿದವನ ಹೆಸರು ಮಾತ್ರ ಎರಡರಲ್ಲೂ ಇಲ್ಲ.

ಇನ್ನು ನಮ್ಮ ಅವರೆಗೆ ಬರೋಣ. ಪಟ್ಟಿಯಲ್ಲಿ ಹೂಕೋಸಿನ ಪಕ್ಕದಲ್ಲೇ ಇದ್ದರೂ ಅದರ ವಯಸ್ಸೇ ಬೇರೆ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಹೆಸರಿನ ಜೊತೆ ಸುಟ್ಟು ಕರಿಕಾದ ಅವರೆಕಾಳುಗಳೂ ಸಿಕ್ಕಿವೆ. ಅಂದರೆ ಮೂರು ಸಾವಿರ ವರ್ಷಕ್ಕೂ ಹಿಂದಿನ ಮಾತು. ನಾಡತಳಿಯ ಅವರೆ ಗಡಿಯಾರವಿಟ್ಟುಕೊಂಡ ಗಿಡ. ಹಗಲು ಉದ್ದವಿದ್ದಷ್ಟು ದಿನ ಬಳ್ಳಿಯನ್ನೇ ಬೆಳೆಸುತ್ತದೆ. ಹಗಲು ಗಿಡ್ಡವಾದಾಗ ಹೂ ಬಿಡುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಜುಲೈನಲ್ಲೇ ಬಿತ್ತಿದ ಅವರೆಗೂ ಸೊಗಡಿನ ಕಾಯಿ ಬರುವುದು ಚಳಿಗಾಲಕ್ಕೇ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ತಂದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳಲ್ಲಿ ಈ ಗಡಿಯಾರವನ್ನು ತೆಗೆದುಹಾಕಿದ್ದಾರೆ, ಆದ್ದರಿಂದ ಅವು ವರ್ಷವಿಡೀ ಕಾಯಿ ಕೊಡುತ್ತವೆ. ತಿನ್ನುವವರಿಗೆ ಅನುಕೂಲವೇ. ಆದರೆ ಅವರೆಕಾಯಿ ಬಂತು ಎಂದರೆ ಧನುರ್ಮಾಸ ಬಂತು ಎಂಬ ಹಳೇ ಮೈಸೂರಿನ ಲೆಕ್ಕ ಅದರಿಂದ ಸಡಿಲವಾಯಿತು.

ನಾನು ಬಾಡಿಗೆಗಿರುವ ಮನೆಯ ಹಿಂದೆ ಹತ್ತಡಿ ಉದ್ದ, ಆರಡಿ ಅಗಲದ ಪಾತಿಯೊಂದಿದೆ. ಈ ಇತಿಹಾಸವೆಲ್ಲ ಗೊತ್ತಾದ ಮೇಲೆ ಅಲ್ಲಿ ಏನು ಹಾಕುವುದು ಎಂಬುದು ರುಚಿಯ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಯಾವುದರ ಬೀಜವನ್ನು ನಾನು ಉಳಿಸಬಲ್ಲೆ ಎಂದೂ ನೋಡುತ್ತೇನೆ. ಹೂಕೋಸು ಇಷ್ಟು ಸಣ್ಣ ಜಾಗದಲ್ಲಿ ಬೀಜಕ್ಕೆ ಆಗುವುದಿಲ್ಲ. ಎಲೆಕೋಸು, ನವಿಲುಕೋಸಿನ ಜೊತೆ ಜೇನ್ನೊಣಗಳು ಅದನ್ನು ಬೆರೆಸಿಬಿಡುತ್ತವೆ. ತಳಿ ಕೆಡದಿರಲು ಹತ್ತಾರು ಗಿಡ ಬೇಕು. ನರ್ಸರಿಯ ಸಸಿ ಹೈಬ್ರಿಡ್ ಆದರಂತೂ ಅದರ ಬೀಜದಿಂದ ಅದೇ ಗಿಡ ಮರಳುವುದಿಲ್ಲ. ಅದನ್ನು ತಿನ್ನಲಿಕ್ಕಷ್ಟೇ ಆರು ಸಸಿ ನೆಡುತ್ತೇನೆ. ಮೆಂತ್ಯ ಮತ್ತು ಅವರೆ ತಮ್ಮ ಹೂವಿನೊಳಗೇ ಪರಾಗ ಕಟ್ಟಿಕೊಳ್ಳುವುದು ಹೆಚ್ಚು. ಹಾಗಾಗಿ ಎರಡು ಗಿಡ ಬಿಟ್ಟರೂ ಬೀಜ ಸಾಕು. ನಾಡ ಅವರೆಯನ್ನು ಅಕ್ಟೋಬರ್‌ನಲ್ಲಿ ಹಾಕಿದರೆ ಹಗಲು ಆಗಲೇ ಗಿಡ್ಡವಾಗಿರುವುದರಿಂದ ಬಳ್ಳಿ ಹೆಚ್ಚು ಹಬ್ಬದೆ ಬೇಗ ಹೂವಿಗೆ ಬರುತ್ತದೆ. ಕಾಯಿ ಕಡಿಮೆ, ಆದರೆ ಪಾತಿಗೆ ಹೊಂದುತ್ತದೆ.

ಬೀಜದ ಅವರೆ ನನಗೆ ಸಿಕ್ಕಿದ್ದು ಮಾಗಡಿ ಕಡೆಯ ನಮ್ಮಜ್ಜಿಯಿಂದ. ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟ ಕಾಳು. ಇದು ಯಾವ ತಳಿ ಅಜ್ಜಿ ಎಂದು ಕೇಳಿದ್ದೆ. “ತಳಿ ಗಿಳಿ ಗೊತ್ತಿಲ್ಲ ಕಣವ್ವ, ನಮ್ಮತ್ತೆ ಕೊಟ್ಟಿದ್ದು” ಅಂದರು.

ನನ್ನ ಪ್ರಬಂಧದ ಕೊನೆಗೆ ವ್ಯಕ್ತಿನಾಮಗಳ ಸೂಚಿ ಮಾಡುತ್ತಿದ್ದೇನೆ. ಕೇರಿ, ಕ್ಯಾಮರಾನ್, ಗೋವನ್, ಜೇಮ್ಸನ್, ರಾಯ್ಲ್, ಎಲ್ಲರಿಗೂ ಪುಟಸಂಖ್ಯೆ ಇದೆ. ಬೆಳೆಗಾರರ ಕಡೆಯಿಂದ ಹಾಕಲು ನನ್ನ ಬಳಿ ಇರುವುದು ಕುವಾರಿ, ಕಾತ್ಕಿ, ಅಗಹನಿ, ಪೂಸಿ, ಮಾಘಿ ಮಾತ್ರ. ತರಕಾರಿಯ ಹೆಸರುಗಳು ವ್ಯಕ್ತಿನಾಮಗಳ ಸೂಚಿಯಲ್ಲಿ ಬರಬಾರದು ಎಂಬುದು ನಿಯಮ. ನಾನು ಅವನ್ನು ಅಲ್ಲೇ ಸೇರಿಸಿದ್ದೇನೆ. ಮಾರ್ಗದರ್ಶಕರು ತೆಗೆಯಲು ಹೇಳಿದರೆ ಈ ಲೇಖನದಲ್ಲಿರುವುದನ್ನೇ ವಾದವಾಗಿ ಮುಂದಿಡುತ್ತೇನೆ.