ಉಸುಕಿನಲ್ಲಿ ಬರೆದ ಅಕ್ಷರ, ದೂರದ ದೇಶದ ಶಾಲೆ

ಫಿನ್ಲೆಂಡ್ ಎಂಬ ಹೆಸರು ನಮ್ಮ ಪಾಮನಕಲ್ಲೂರಿನ ಸುತ್ತಲಿನ ಮಾಸ್ತರರ ಬಾಯಲ್ಲಿ ಕೆಲವು ವರ್ಷಗಳಿಂದ ಓಡಾಡುತ್ತಿದೆ. ತರಬೇತಿ ಮುಗಿಸಿ ಬಂದವರು ಹೇಳುತ್ತಾರೆ: ಅಲ್ಲಿ ಏಳು ವರ್ಷ ತುಂಬುವವರೆಗೆ ಮಗುವನ್ನು ಒಂದನೇ ತರಗತಿಗೆ ಕೂರಿಸುವುದಿಲ್ಲವಂತೆ, ಸಣ್ಣ ತರಗತಿಗಳಲ್ಲಿ ದೊಡ್ಡ ಪರೀಕ್ಷೆಗಳೇ ಇಲ್ಲವಂತೆ, ಆಟವೇ ಪಾಠವಂತೆ. ಕೇಳಿದವರು ತಲೆದೂಗುತ್ತಾರೆ. ಮರುದಿನ ಮತ್ತೆ ಅದೇ ಕೋಣೆ, ಅದೇ ಮೂರು ತರಗತಿ ಕೂಡಿಸಿದ ಮಕ್ಕಳು.

ಬೇರೆ ದೇಶದ ಶಾಲೆ ನೋಡಿ ಕಲಿಯುವುದು ತಪ್ಪೇನಲ್ಲ. ಆದರೆ ಒಂದು ದೇಶ ಇನ್ನೊಂದರಿಂದ ಕಲಿಯುವಾಗ ಏನನ್ನು ಎತ್ತಿಕೊಳ್ಳುತ್ತದೆ, ಏನನ್ನು ಅಲ್ಲೇ ಬಿಟ್ಟು ಬರುತ್ತದೆ? ಇದಕ್ಕೆ ಉತ್ತರ ಹುಡುಕಲು ಫಿನ್ಲೆಂಡಿಗೆ ಹೋಗುವ ಮೊದಲು ನಮ್ಮ ಹೊಳೆ ದಾಟಿದರೆ ಸಾಕು. ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡು ಕಲಿತದ್ದು ಈ ಕಡೆಯ ಶಾಲೆಗಳಿಂದ.

ತುಂಗಭದ್ರೆಯ ಆಚೆ ದಂಡೆ ಬಳ್ಳಾರಿ ಜಿಲ್ಲೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರುಗಳಿಗೂ ನಿಮ್ಮ ಜಿಲ್ಲೆಯ ಶಾಲೆಗಳ ಲೆಕ್ಕ ಕೊಡಿ ಎಂದು ಕೇಳಿದ್ದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿ ಬರೀ ಲೆಕ್ಕವಾಗಿರಲಿಲ್ಲ. ಆಗಿನ ಬಳ್ಳಾರಿ ಜಿಲ್ಲೆ ಈಗಿನ ಅನಂತಪುರವನ್ನೂ ಒಳಗೊಂಡ ದೊಡ್ಡ ಸೀಮೆ. ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರ ಜನರಿಗೆ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡದ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೆ ಮಾತ್ರ ಮೀಸಲಾದವು. ಇಷ್ಟು ಮಕ್ಕಳಲ್ಲಿ ಹುಡುಗಿಯರು 60. ನಮ್ಮ ಹಿಂದಿನ ಶಾಲೆಗಳು ಸ್ವರ್ಗವಾಗಿದ್ದವು ಎಂದು ಹೇಳುವವರು ಈ 60ನ್ನು ಎರಡು ಸಲ ಓದಬೇಕು.

ಕ್ಯಾಂಪ್‌ಬೆಲ್ ಶಾಲೆಯ ಒಳಗನ್ನೂ ವಿವರಿಸಿದ್ದಾನೆ. ಐದು ವರ್ಷದ ಮಗುವಿಗೆ ಗಣಪತಿಯ ಮುಂದೆ ಅಕ್ಕಿಯಲ್ಲಿ ಬೆರಳಿಂದ ಬರೆಸುತ್ತಾರೆ. ಆಮೇಲೆ ನೆಲದ ಉಸುಕಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುವುದು. ಯುರೋಪಿನಂತೆ ಮೊದಲು ಬಾಯಿಪಾಠ ಮಾಡಿ ನಂತರ ಬರೆಯುವುದಲ್ಲ, ಬರೆಯುತ್ತಲೇ ಕಲಿಯುವುದು. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಗೆ ಅನ್ನ, ಇದ್ದಿಲಪುಡಿ ಸವರಿರುತ್ತದೆ. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿದ, ಇದ್ದಿಲು ಮತ್ತು ಅಂಟು ಬಳಿದ, ಪುಸ್ತಕದಂತೆ ಮಡಚುವ ಬಟ್ಟೆ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ನಮ್ಮ ಅಜ್ಜ ಐಗಳ ಮಠದಲ್ಲಿ ಕಲಿತದ್ದನ್ನು ಹೇಳುವಾಗ ಇವೇ ಶಬ್ದಗಳನ್ನು ಬಳಸುತ್ತಿದ್ದ. ಹೊಳೆಯ ಆ ದಂಡೆಗೂ ಈ ದಂಡೆಗೂ ಸರಕಾರ ಬೇರೆಯಾಗಿತ್ತು, ಉಸುಕು ಬೇರೆಯಾಗಿರಲಿಲ್ಲ.

ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತ ಹೋಗುವುದು. ಸೋಮಾರಿಗಳನ್ನು ಕೈ ಕಟ್ಟಿ ತೊಲೆಗೆ ತೂಗುಹಾಕುತ್ತಿದ್ದರಂತೆ. ಹಳೆಗನ್ನಡ, ಹಳೆತೆಲುಗಿನ ಪದ್ಯಗಳನ್ನು ಮಕ್ಕಳು ಅರ್ಥ ತಿಳಿಯದೆ ಗಿಣಿಯಂತೆ ಒಪ್ಪಿಸುತ್ತಾರೆ ಎಂದು ಕ್ಯಾಂಪ್‌ಬೆಲ್ ಗೊಣಗುತ್ತಾನೆ. ಆದರೆ ಒಂದು ಸಂಗತಿಯನ್ನು ಮನಸಾರೆ ಮೆಚ್ಚುತ್ತಾನೆ: ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು. ಮುಂದಿನವರು ಹಿಂದಿನವರಿಗೆ ಕಲಿಸುತ್ತಾರೆ, ಕಲಿಸುತ್ತ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎನ್ನುತ್ತಾನೆ.

ಆ ಅನುಕರಣೆ ಆಗಲೇ ಊರೂರು ಹಬ್ಬಿತ್ತು. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ದೇಸಿ ಶಾಲೆಯೊಂದರ ಮಕ್ಕಳು ಉಸುಕಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯ ಮಾಸ್ತರರಿಗೆ ಹಾಗೆ ಕಲಿಸಲು ಹೇಳಿದರೆ ಅವರು ಕಿವಿಗೊಡಲಿಲ್ಲ. ಕೊನೆಗೆ ಎಂಟು ವರ್ಷದ ಜಾನ್ ಫ್ರಿಸ್ಕಿನ್ ಎಂಬ ಹುಡುಗನಿಗೇ ಚಿಕ್ಕವರನ್ನು ಒಪ್ಪಿಸಿದ. ಅದು ಫಲಿಸಿತು. 1797ರಲ್ಲಿ ಲಂಡನ್ನಿನಲ್ಲಿ ಬೆಲ್ ಇದನ್ನು ಪುಸ್ತಕವಾಗಿ ಪ್ರಕಟಿಸಿದ. ಮರುವರ್ಷ ಜೋಸೆಫ್ ಲಂಕಾಸ್ಟರ್ ಲಂಡನ್ನಿನಲ್ಲೇ ಬಡಮಕ್ಕಳಿಗೆ ಇದೇ ಬಗೆಯ ಶಾಲೆ ತೆರೆದ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನಲ್ಲಿ ಬೆಲ್ ಬಿಟ್ಟುಹೋದ ಹಣದಿಂದ ಕಟ್ಟಿದ ಶಾಲೆಗೆ ಇಂದಿಗೂ ಮದ್ರಾಸ್ ಕಾಲೇಜ್ ಎಂದೇ ಹೆಸರು.

ಇಲ್ಲಿ ಒಂದು ಭಾಗಾಕಾರ ಮಾಡಬೇಕು. ಬಳ್ಳಾರಿಯ 6,641 ಮಕ್ಕಳನ್ನು 533 ಶಾಲೆಗಳಿಗೆ ಹಂಚಿದರೆ ಒಂದೊಂದಕ್ಕೆ ಹನ್ನೆರಡು ಚಿಲ್ಲರೆ. ಹನ್ನೆರಡು ಮಕ್ಕಳ ಜಗಲಿಯಲ್ಲಿ ದೊಡ್ಡವನೊಬ್ಬ ಚಿಕ್ಕವನ ಬೆರಳು ಹಿಡಿದು ಬರೆಸುತ್ತಿದ್ದರೆ ಮಾಸ್ತರರ ಕಣ್ಣು ಇಬ್ಬರ ಮೇಲೂ ಇರುತ್ತದೆ. ಲಂಕಾಸ್ಟರನ ಹಜಾರದಲ್ಲಿ ನೂರಾರು ಮಕ್ಕಳು ಸಾಲಾಗಿ ಕೂರುತ್ತಿದ್ದರು. ಒಬ್ಬನೇ ಮಾಸ್ತರ ಸಾವಿರ ಮಕ್ಕಳಿಗೂ ಕಲಿಸಬಲ್ಲ ಎಂಬುದು ಅವನ ಹೆಮ್ಮೆ. ಅದೇ ಉಸುಕು, ಅದೇ ದೊಡ್ಡವ-ಚಿಕ್ಕವರ ಪದ್ಧತಿ. ಇಂಗ್ಲೆಂಡು ಎತ್ತಿಕೊಂಡದ್ದು ಉಳಿತಾಯವನ್ನು, ಬಿಟ್ಟದ್ದು ಹನ್ನೆರಡನ್ನು. ಅರ್ಧ ಶತಮಾನ ಕಳೆಯುವುದರೊಳಗೆ ಅದು ಯಂತ್ರದಂತಾಯಿತು ಎಂದು ಅವರೇ ಬೇಸತ್ತು, 1846ರಲ್ಲಿ ಹದಿಮೂರು ದಾಟಿದವರನ್ನು ಸಂಬಳ ಕೊಟ್ಟು ತರಬೇತು ಮಾಡುವ ಬೇರೆ ದಾರಿ ಹಿಡಿದರು.

ಇತ್ತ ಬಳ್ಳಾರಿಯಲ್ಲಿ? ಜಿಲ್ಲೆಯ 533 ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲ, ಇದನ್ನು ಹೇಳಲು ನಾಚಿಕೆಯಾಗುತ್ತದೆ ಎಂದು ಕ್ಯಾಂಪ್‌ಬೆಲ್ ಬರೆದ. ಮೊದಲು ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ, ಕಾರಣ ಬಡತನ, ಬಡತನಕ್ಕೆ ಒಂದು ಕಾರಣ ನಮ್ಮ ಯುರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರರ ಮಗ್ಗ ನಿಂತದ್ದು ಎಂದೂ ಬರೆದ. ಕಂಪನಿಯ ಅಧಿಕಾರಿಯೇ ಹೀಗೆ ಬರೆದದ್ದನ್ನು ಮರೆಯಬಾರದು. ಮನ್ರೋ 1826ರಲ್ಲಿ ತಹಶೀಲಿಗೊಂದು ಶಾಲೆಯ ಯೋಜನೆ ಹಾಕಿದ, ಮರುವರ್ಷ ಕಾಲರಾದಿಂದ ತೀರಿಕೊಂಡ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಶಾಲೆಗಳೂ ಮುಚ್ಚಿದವು.

ಈ ದಂಡೆಯ ನಮ್ಮ ಎಡೆದೊರೆ ನಾಡಿನ ಕತೆ ಬೇರೆ. 1853ರಿಂದ 1860ರವರೆಗೆ ರಾಯಚೂರು ಸೀಮೆ ಇಂಗ್ಲಿಷರ ಆಡಳಿತದಲ್ಲಿತ್ತು. ಆಮೇಲೆ ನಿಜಾಮನಿಗೆ ಮರಳಿತು, 1948ರ ಸೆಪ್ಟೆಂಬರಿನವರೆಗೂ ಅಲ್ಲೇ ಉಳಿಯಿತು. ಕಚೇರಿಯ ಭಾಷೆ ಮೊದಲು ಪಾರಸಿ, ನಂತರ ಉರ್ದು. ಪ್ರಾಥಮಿಕ ಹಂತ ದಾಟಿದ ಕನ್ನಡದ ಹುಡುಗ ಓದು ಮುಂದುವರಿಸಬೇಕೆಂದರೆ ಉರ್ದುವಿನಲ್ಲೇ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ, ಇಂಗ್ಲಿಷಿನ ಬದಲು ಭಾರತದ ಭಾಷೆಯಲ್ಲಿ ಉನ್ನತ ಶಿಕ್ಷಣ ಎಂದು ದೇಶವೇ ಕೊಂಡಾಡಿತು. ಅದಕ್ಕಾಗಿ ಅನುವಾದ ಇಲಾಖೆಯನ್ನೇ ಕಟ್ಟಿ ವಿಜ್ಞಾನದ ಗ್ರಂಥಗಳನ್ನೆಲ್ಲ ಉರ್ದುವಿಗೆ ತಂದರು. ಅದು ದೊಡ್ಡ ಕೆಲಸವೇ, ಅನುಮಾನವಿಲ್ಲ. ಆದರೆ ಲಿಂಗಸುಗೂರಿನ ಕನ್ನಡದ ಹುಡುಗನಿಗೆ ಆ ಭಾಷೆ ಇಂಗ್ಲಿಷಿನಷ್ಟೇ ಪರಕೀಯ. ನಮ್ಮ ಸೀಮೆಗೆ ಪಾಠ ಪರಭಾಷೆಯಲ್ಲಿ ಬರುವುದು ಹೊಸದಲ್ಲ ಬಿಡಿ, 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನ ಕೂಡ ಪ್ರಾಕೃತದಲ್ಲಿದೆ. ಗುಲ್ಬರ್ಗದ ನೂತನ ವಿದ್ಯಾಲಯ (1907), ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಇಂಥ ಕಾಲದಲ್ಲಿ ಖಾಸಗಿಯಾಗಿ ಎದ್ದವು. ತಾರಾನಾಥರು ಶಾಲೆಗಿಟ್ಟ ಹೆಸರೇ ಉರ್ದುವಿನದು, ಅರ್ಥ ಸಹಾನುಭೂತಿಯುಳ್ಳವನು ಎಂದು. ಭಾಷೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ.

ಈಗ ಫಿನ್ಲೆಂಡಿಗೆ ಹೋಗಬಹುದು. ಅಲ್ಲಿಯೂ ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು ಆಗಿತ್ತು. ರೈತರದು ಫಿನ್ನಿಷ್, ಕಚೇರಿ ಮತ್ತು ಓದು ಸ್ವೀಡಿಷ್. ಊನೋ ಸಿಗ್ನೇಯಸ್ ಎಂಬ ಪಾದ್ರಿ 1850ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡ್, ಜರ್ಮನಿ ಮೊದಲಾದ ಕಡೆ ಶಾಲೆ ನೋಡುತ್ತ ತಿರುಗಿದ. ಅವನೂ ಬೇರೆ ದೇಶಗಳಿಂದ ಕಲಿಯಲು ಹೊರಟವನೇ. ಆದರೆ ತಿರುಗಿ ಬಂದವನು ಮೊದಲು ಕಟ್ಟಿದ್ದು ಮಕ್ಕಳ ಶಾಲೆಯನ್ನಲ್ಲ, ಮಾಸ್ತರರ ಶಾಲೆಯನ್ನು. 1863ರಲ್ಲಿ ಯುವಾಸ್ಕ್ಯುಲಾ ಎಂಬ ಸಣ್ಣ ಊರಿನಲ್ಲಿ, ಫಿನ್ನಿಷ್ ಭಾಷೆಯಲ್ಲಿ. ಪ್ರಾಥಮಿಕ ಶಾಲೆಗಳ ಶಾಸನ ಬಂದದ್ದು ಮೂರು ವರ್ಷ ಕಳೆದು, 1866ರಲ್ಲಿ. ಮರಗೆಲಸ, ಹೊಲಿಗೆಯಂಥ ಕೈಕೆಲಸವೂ ಅದರಲ್ಲಿ ಕಡ್ಡಾಯ ಪಾಠವಾಯಿತು.

ನೂರು ವರ್ಷಗಳ ನಂತರ ಇನ್ನೊಂದು ಹೆಜ್ಜೆ. ಹನ್ನೊಂದರ ಸುಮಾರಿಗೆ ಮಕ್ಕಳನ್ನು ಮೇಲಿನ ಓದಿಗೆ ಹೋಗುವವರು, ಹೋಗದವರು ಎಂದು ಬೇರ್ಪಡಿಸುವ ಪದ್ಧತಿಯನ್ನು ಕೈಬಿಟ್ಟು ಒಂಬತ್ತು ವರ್ಷ ಎಲ್ಲರಿಗೂ ಒಂದೇ ಶಾಲೆ ಎಂದು 1968ರಲ್ಲಿ ಕಾನೂನು ಮಾಡಿದರು. ಅದನ್ನು ಜಾರಿಗೆ ತಂದ ಕ್ರಮವನ್ನು ತರಬೇತಿಗಳಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ರಾಜಧಾನಿಯಿಂದ ಶುರುಮಾಡಲಿಲ್ಲ. 1972ರಲ್ಲಿ ದೇಶದ ಉತ್ತರದ ತುದಿ, ಬಡ, ಚಳಿಯ, ಊರಿಗೂ ಊರಿಗೂ ಹತ್ತಾರು ಮೈಲಿ ಅಂತರದ ಲ್ಯಾಪ್‌ಲ್ಯಾಂಡಿನಿಂದ ಆರಂಭಿಸಿ ವರ್ಷಕ್ಕಿಷ್ಟು ದಕ್ಷಿಣಕ್ಕೆ ಇಳಿಯುತ್ತ ಬಂದರು. ಹೆಲ್ಸಿಂಕಿಯ ಪಾಳಿ ಬಂದದ್ದು 1977ರಲ್ಲಿ. ಆ ದಶಕದಲ್ಲೇ ಶಿಕ್ಷಕರ ತರಬೇತಿಯನ್ನು ವಿಶ್ವವಿದ್ಯಾಲಯಕ್ಕೆ ಒಯ್ದು, ಒಂದನೇ ತರಗತಿಯ ಮಾಸ್ತರರಿಗೂ ಸ್ನಾತಕೋತ್ತರ ಪದವಿ ಬೇಕು ಎಂದರು. ಪರೀಕ್ಷೆ ಕಡಿಮೆ, ಆಟ ಹೆಚ್ಚು ಎಂಬುದೆಲ್ಲ ಇದರ ಮೇಲೆ ನಿಂತದ್ದು. ಪರೀಕ್ಷೆ ತೆಗೆಯುವುದಕ್ಕೆ ದುಡ್ಡು ಬೇಕಿಲ್ಲ, ಆದ್ದರಿಂದ ಅದು ಬೇಗ ನಮ್ಮ ಕಿವಿಗೆ ಬೀಳುತ್ತದೆ. ಲಂಕಾಸ್ಟರನ ಕಿವಿಗೆ ಉಸುಕು ಬಿದ್ದ ಹಾಗೆ.

ನಮ್ಮಲ್ಲೂ ತುದಿಯಿಂದ ಶುರುವಾದದ್ದು ಇಲ್ಲವೆಂದಲ್ಲ. 1995ರಲ್ಲಿ ನಲಿ-ಕಲಿ ಹುಟ್ಟಿದ್ದು ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ, ರಿಷಿವ್ಯಾಲಿಯ ಸಣ್ಣ ಶಾಲೆಗಳನ್ನು ನೋಡಿ ಬಂದ ಮಾಸ್ತರರಿಂದ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು, ತಮ್ಮ ವೇಗಕ್ಕೆ ತಕ್ಕಂತೆ ಕಲಿಯುವ ಪದ್ಧತಿ ಅದು. ಆದರೆ ಪದ್ಧತಿ ನಮ್ಮ ಕಡೆ ಬರುವಾಗ ಕಾರ್ಡುಗಳು ಬಂದವು. ಖಾಲಿ ಹುದ್ದೆಗಳು ಹಾಗೇ ಇದ್ದವು. ಜೂನ್ ಕಳೆದ ಮೇಲೆ ಅತಿಥಿ ಶಿಕ್ಷಕರು ಬರುತ್ತಾರೆ, ವರ್ಷ ಮುಗಿಯುತ್ತಲೇ ಹೋಗುತ್ತಾರೆ. 371ಜೆ ತಿದ್ದುಪಡಿ ಬಂದ ಮೇಲೆ ಇಲ್ಲಿನವರಿಗೆ ಇಲ್ಲೇ ನೌಕರಿಯ ದಾರಿ ಆಗಿದೆ ನಿಜ, ಆದರೆ ಆ ನೌಕರಿಗೆ ತಯಾರಾಗುವ ಹುಡುಗನೂ ಇದೇ ಶಾಲೆಯಿಂದಲೇ ಬರಬೇಕಲ್ಲ.

ಕ್ಯಾಂಪ್‌ಬೆಲ್‌ನ ವರದಿಯಲ್ಲಿ ಇನ್ನೊಂದು ಮಾತಿದೆ. ಮಕ್ಕಳ ಎಳೆಯ ಕೈಕಾಲು ಸಣ್ಣ ಕೆಲಸಕ್ಕಾದರೂ ಆದೀತು ಎನ್ನುವ ಹೊತ್ತಿಗೆ ತಂದೆತಾಯಿ ಅವರನ್ನು ದುಡಿಮೆಗೆ ಹಚ್ಚಲೇಬೇಕಾಗುತ್ತದೆ ಎಂಬ ಅರ್ಥದ್ದು. ನಮ್ಮ ಕಡೆ ಹತ್ತಿ ಬಿಡಿಸುವ ಕಾಲ ಬಂದಾಗ ಹಾಜರಿ ಪುಸ್ತಕ ತೆರೆದರೆ ಆ ಮಾತು ಕಾಣುತ್ತದೆ. ಅದು ಮುಗಿಯುವಷ್ಟರಲ್ಲಿ ಕೆಲವು ಮನೆಗಳು ಬೆಂಗಳೂರಿಗೆ ಗುಳೆ ಹೊರಟಿರುತ್ತವೆ. ಮಾಸ್ತರರು ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಮಗು ತಿರುಗಿ ಬಂದರೆ ಅಳಿಸಬೇಕಲ್ಲ.