ಮಾಲವಣದ ಕೋಟೆ, ಬಸ್ರೂರಿನ ನೆನಪು

ಊರಿಗೆ ಹೋಗುವ ಕೊಂಕಣ ರೈಲು ಪ್ರತಿ ಸಲವೂ ಕುಡಾಳವನ್ನು ದಾಟಿಯೇ ಹೋಗುತ್ತದೆ. ಇಷ್ಟು ವರ್ಷ ಒಮ್ಮೆಯೂ ಅಲ್ಲಿ ಇಳಿಯಬೇಕೆಂದು ತೋರಿರಲಿಲ್ಲ. ಕಳೆದ ಚಳಿಗಾಲದಲ್ಲಿ ಎರಡು ದಿನ ರಜೆ ಮಿಕ್ಕಿತ್ತು. ಕಚೇರಿಯ ಮರಾಠಿ ಮಿತ್ರರು, "ಮಾಲವಣದ ಮೀನು ತಿನ್ನದವನು ಕೊಂಕಣ ನೋಡಿದವನಲ್ಲ" ಎಂದು ಹಂಗಿಸುತ್ತಲೇ ಇದ್ದರು. ಸರಿ, ಹೆಂಡತಿ ಮಗನೊಡನೆ ಕುಡಾಳದಲ್ಲಿ ಇಳಿದೆ. ಅಲ್ಲಿಂದ ಮಾಲವಣಕ್ಕೆ ಬಸ್ಸಿನಲ್ಲಿ ಸುಮಾರು 30 ಕಿ.ಮೀ. ದಾರಿ. ಗೇರು, ಮಾವು, ಕೆಂಪು ಮಣ್ಣು, ಹೆಂಚಿನ ಮನೆ. ಕಣ್ಣಿಗೆ ಕಟ್ಟಿದ್ದು ನಮ್ಮ ಕುಂದಾಪುರವೇ.

ಮಾಲವಣ ಹೆದ್ದಾರಿಗೂ ರೈಲಿಗೂ ದೂರವಾದ ಸಣ್ಣ ಬಂದರು. ಇಲ್ಲಿಯ ಉಪ್ಪಿನಾಗರಗಳಿಂದ, 'ಲವಣ'ದಿಂದ, ಈ ಹೆಸರು ಬಂತೆಂದು ಊರವರು ಹೇಳುತ್ತಾರೆ. ದಡದಿಂದ ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿ, ಕುರಟೆ ಎಂಬ ಬಂಡೆದ್ವೀಪದ ಮೇಲೆ ಸಿಂಧುದುರ್ಗ ನಿಂತಿದೆ. ಶಿವಾಜಿ ಮಹಾರಾಜರು 1664ರ ನವೆಂಬರಿನಲ್ಲಿ ಅಡಿಗಲ್ಲು ಹಾಕಿಸಿದರು. ಮೂರು ವರ್ಷಗಳಲ್ಲಿ ಕಟ್ಟಡ ಮುಗಿಯಿತು. ಪಾಯದ ಕಲ್ಲುಗಳಿಗೆ ಕರಗಿದ ಸೀಸವನ್ನು ಎರೆದರಂತೆ. ಒಳಗೆ, 1695ರಲ್ಲಿ ರಾಜಾರಾಮ ಕಟ್ಟಿಸಿದ ಶಿವಾಜಿಯ ಗುಡಿಯಿದೆ.

ಸುತ್ತ ಉಪ್ಪುನೀರು, ನಡುವೆ ಮೂರು ಸಿಹಿನೀರಿನ ಬಾವಿಗಳು! ಹಾಲಿನ ಬಾವಿ, ಮೊಸರಿನ ಬಾವಿ, ಸಕ್ಕರೆಯ ಬಾವಿ ಎಂದು ಅವುಗಳ ಹೆಸರು. ಜನ ಇದನ್ನು ಪವಾಡವೆನ್ನುತ್ತಾರೆ. ಬಿ.ಎಸ್ಸಿ. ಓದಿದ ತಪ್ಪಿಗೆ ನಾನು ಮಗನಿಗೆ ವಿವರಿಸಿದೆ: ಮಳೆಯ ನೀರು ಉಪ್ಪುನೀರಿಗಿಂತ ಹಗುರ, ನೆಲದೊಳಗೆ ಇಳಿದು ಅದರ ಮೇಲೆ ತೇಲಿ ನಿಲ್ಲಬಲ್ಲದು. ಹಾಗೆಂದು ಬಾವಿ ತೋಡಿದವರ ಜಾಣತನವೇನೂ ಕಡಿಮೆಯಾಗುವುದಿಲ್ಲ.

ಆಗಲೇ ನಮ್ಮ ಮಾರ್ಗದರ್ಶಿ ಎದೆಯುಬ್ಬಿಸಿ ಹೇಳಿದ: "ಮಹಾರಾಜರು ಇಲ್ಲಿಂದಲೇ ಬಸ್ರೂರಿನ ಸ್ವಾರಿಗೆ ಹೊರಟದ್ದು!"

ಮಗ ನನ್ನ ಮುಖ ನೋಡಿದ. "ಅಪ್ಪಾ, ಬಸ್ರೂರು ಅಂದ್ರೆ ಅಜ್ಜಿ ಮನೆ ಬಸ್ರೂರೇ?"

ಹೌದು, ಅದೇ ಬಸ್ರೂರು. ವಾರಾಹಿ ಹೊಳೆಯ ದಂಡೆಯ ನಮ್ಮ ಈ ಊರು ಇಂದು ಹಳ್ಳಿ. ಒಂದು ಕಾಲಕ್ಕೆ ಅರಬರ ಹಡಗುಗಳು ಹುಡುಕಿಕೊಂಡು ಬರುತ್ತಿದ್ದ ಬಂದರು. ಕನ್ನಡ ಕರಾವಳಿಯ ಅಕ್ಕಿಯಿಲ್ಲದೆ ಗೋವೆಯ ಪೋರ್ಚುಗೀಸರಿಗೆ ಊಟವಿರಲಿಲ್ಲ. ಅದಕ್ಕಾಗಿಯೇ 1569ರಲ್ಲಿ ಅವರು ಇಲ್ಲಿ ಕೋಟೆ ಹಿಡಿದರು. 1665ರ ಫೆಬ್ರವರಿಯಲ್ಲಿ ಶಿವಾಜಿ 85 ಸಣ್ಣ ಹಡಗು, ಮೂರು ದೊಡ್ಡ ಹಡಗುಗಳೊಡನೆ ಸುಮಾರು 300 ಕಿ.ಮೀ. ಸಮುದ್ರಯಾನ ಮಾಡಿ ಬಂದು ಈ ಪೇಟೆಯನ್ನು ದೋಚಿದರು. ಹಿಂದಿರುಗುವಾಗ ಗೋಕರ್ಣದಲ್ಲಿ ಶಿವರಾತ್ರಿಯ ಸ್ನಾನ. ಆಮೇಲೆ ಅಂಕೋಲೆ, ಕಾರವಾರ. ಕಾರವಾರದ ವ್ಯಾಪಾರಿಗಳು ಹಣ ಕೂಡಿಸಿ ಕೊಟ್ಟು ಪಾರಾದರು. ಅದರಲ್ಲಿ ಇಂಗ್ಲಿಷ್ ಕೋಠಿಯವರ ಪಾಲು 112 ಪೌಂಡು. ಲೆಕ್ಕ ಬರೆದಿಡುವ ನನ್ನಂಥ ಗುಮಾಸ್ತರು ಆಗಲೂ ಇದ್ದರೆನ್ನಿ!

ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಲು ಶಿವಾಜಿ ಬಂದರೆಂದು ಹೇಳುವವರಿದ್ದಾರೆ. ಆದರೆ ಆ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ 1653ರಲ್ಲೇ ಗೆದ್ದಿದ್ದ. 1665ರಲ್ಲಿ ಬಸ್ರೂರು ಕೆಳದಿಯವರದು, ಅಂದರೆ ಕನ್ನಡಿಗರದು. ಹಿಂದಿನ ವರ್ಷ ಸೂರತ್ ಲೂಟಿಯಾಗಿತ್ತು. ಔರಂಗಜೇಬನ ಸೇನಾಪತಿ ಜಯಸಿಂಹ ದೊಡ್ಡ ಸೈನ್ಯದೊಡನೆ ಬರುತ್ತಿದ್ದ. ಕೋಟೆಗೂ ಹಡಗುಗಳಿಗೂ ಹಣ ಬೇಕಾಗಿತ್ತು. ಬಸ್ರೂರಿನಲ್ಲಿ ಹಣವಿತ್ತು.

ಮಗನ ನಾಲ್ಕನೆಯ ತರಗತಿಯ ಇತಿಹಾಸ ಪುಸ್ತಕದ ತುಂಬ ಶಿವಾಜಿಯೇ. ಅವನಿಗೆ ಏನೆಂದು ಹೇಳಲಿ? ಮಹಾರಾಜರನ್ನು ಸಣ್ಣವರಾಗಿ ಮಾಡಲು ಮನಸ್ಸಿಲ್ಲ; ಅನ್ನ ಕೊಟ್ಟ ಊರಿನ ದೊಡ್ಡವರು ಅವರು. ಅಜ್ಜಿಯ ಊರಿನ ಪೇಟೆ ಸುಲಿಗೆಯಾದದ್ದನ್ನು ಮುಚ್ಚಿಡಲೂ ಮನಸ್ಸಿಲ್ಲ. ಕೊನೆಗೆ, "ಹೌದು ಮಗಾ, ಅದೇ ಊರು. ಈ ಕೋಟೆಯ ಕಲ್ಲುಗಳಲ್ಲಿ ನಮ್ಮೂರ ಅಕ್ಕಿಯ ಹಣವೂ ಇದ್ದೀತು" ಎಂದೆ. ಅವನು ಗೋಡೆಯನ್ನು ಮುಟ್ಟಿ ನೋಡಿದ.

ಮಧ್ಯಾಹ್ನ ಒಂದು ಮನೆಯ ಚಾವಡಿಯಲ್ಲಿ ಊಟ. ತಿರ್ಫಳ ಹಾಕಿದ ಬಂಗಡೆ ಸಾರು, ಸುರಮಯಿ (ನಮ್ಮ ಅಂಜಲ್) ಹುರಿದದ್ದು, ಕೊನೆಗೆ ಸೋಲ್‌ಕಡಿ. ನಮ್ಮ ಪುನರ್ಪುಳಿಗೆ ತೆಂಗಿನಹಾಲು ಬೆರೆಸಿದರೆ ಅದೇ. "ಇದು ನಮ್ಮಮ್ಮನ ಕೈಯದ್ದೇ ರುಚಿ" ಎಂದಳು ನನ್ನಾಕೆ. ಮನೆಯ ಅಜ್ಜಿಗೆ ಬಸ್ರೂರು ಗೊತ್ತಿರಲಿಲ್ಲ. ಕೇಳದೆ ಇನ್ನೊಂದು ತುಂಡು ಮೀನು ಬಡಿಸಿದರು.

ಸಂಜೆ ದಡದಲ್ಲಿ 'ರಾಪಣ' ಎಳೆಯುತ್ತಿದ್ದರು. ನಮ್ಮ ರಂಪಣಿಯ ಅಣ್ಣತಮ್ಮ ಇದು: ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ಹತ್ತಾರು ಜನ ದಡಕ್ಕೆ ಎಳೆಯುವುದು. ನಮ್ಮ ಕರಾವಳಿಯಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ಯಾಂತ್ರಿಕ ಪರ್ಸೀನ್ ಬಲೆ ಬಂದು ರಂಪಣಿಯನ್ನು ನುಂಗಿತು. ನನ್ನ ಅಜ್ಜ ಹೇಳುತ್ತಿದ್ದ ರಂಪಣಿಯನ್ನು ನಾನು ಕಣ್ಣಾರೆ ಕಂಡದ್ದು ಪರರಾಜ್ಯದ ಈ ದಡದಲ್ಲಿ. ಮಗನೂ ಹೋಗಿ ಹಗ್ಗಕ್ಕೆ ಕೈ ಹಾಕಿದ. ಯಾರೂ ಬೇಡವೆನ್ನಲಿಲ್ಲ.

ಬಸ್ರೂರಿನಲ್ಲಿ ನೋಡಲು ಸಿಂಧುದುರ್ಗದಂಥ ಗೋಡೆಗಳಿಲ್ಲ. ಮಹಾಲಿಂಗೇಶ್ವರನ ಗುಡಿಯಿದೆ, ಶಾಸನಗಳಲ್ಲಿ ಬರುವ ಮೂಡುಕೇರಿ, ಪಡುಕೇರಿಗಳ ಹೆಸರು ಉಳಿದಿದೆ, ಹೊಳೆಯಿದೆ. ಬರುವ ರಜೆಯಲ್ಲಿ ಮಗನನ್ನು ಅಲ್ಲಿ ನಿಲ್ಲಿಸಿ ಕತೆಯ ಇನ್ನರ್ಧ ಹೇಳಬೇಕೆಂದಿದ್ದೇನೆ. ನೀವೂ ಊರಿಗೆ ಹೋಗುವಾಗ ಒಮ್ಮೆ ಕುಡಾಳದಲ್ಲಿ ಇಳಿಯಿರಿ. ಮಳೆಗಾಲ ಮಾತ್ರ ಬೇಡ. ಕೋಟೆಗೆ ದೋಣಿ ಬಿಡುವುದಿಲ್ಲ.