ಓದಿನ ಪಟ್ಟಿಯಲ್ಲಿ ಬಾಬಾಸಾಹೇಬರು ಯಾವ ಕಪಾಟಿನಲ್ಲಿದ್ದಾರೆ?



"ಅಣ್ಣ, ರಾಜಕೀಯ, ಇತಿಹಾಸ, ಅರ್ಥಶಾಸ್ತ್ರ ಓದ್ಬೇಕು. ಎಲ್ಲಿಂದ ಶುರು ಮಾಡ್ಲಿ?" ಹಾಸ್ಟೆಲ್‌ನಲ್ಲಿದ್ದು ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು ಇದನ್ನ ಕೇಳ್ತಾನೇ ಇರ್ತಾರೆ. ಅವರ ಕೈಗೆ ಸಿಗೋ ಪಟ್ಟಿಗಳಲ್ಲಿ ಉದಾರವಾದ ಅಂದ್ರೆ ಆಡಂ ಸ್ಮಿತ್, ಮಿಲ್. ನಮ್ಮವರು ಅಂದ್ರೆ ಗೋಖಲೆ, ಡಿವಿಜಿ. ಬಾಬಾಸಾಹೇಬರು ಇದ್ರೂ ಕೊನೆಗೆಲ್ಲೋ, 'ಜಾತಿ ಸಮಸ್ಯೆ' ಅನ್ನೋ ತಲೆಬರಹದ ಕೆಳಗೆ. ಅದಕ್ಕೇ ಇವತ್ತು ನನ್ನದೊಂದು ಪಟ್ಟಿ. ಬಸವನಗುಡಿಯಿಂದಲೇ ಶುರು ಮಾಡೋಣ.

ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಡಿವಿಜಿ 1945ರಲ್ಲಿ ಕಟ್ಟಿದ್ದು. ಪ್ರಜೆಗಳಿಗೆ ರಾಜ್ಯದ ವಿಚಾರ ಗೊತ್ತಿರಬೇಕು, ಓದಿ ಚರ್ಚೆ ಮಾಡಬೇಕು ಅನ್ನೋದು ಅವರ ಆಸೆ. 1970ರಲ್ಲಿ ಜನ ಸನ್ಮಾನ ಮಾಡಿ ಕೊಟ್ಟ ಒಂದು ಲಕ್ಷ ರೂಪಾಯಿಯನ್ನೂ ಆ ಸಂಸ್ಥೆಗೇ ಕೊಟ್ಟರು. ದೊಡ್ಡ ಕೆಲಸ, ಅದನ್ನ ಒಪ್ಪಲೇಬೇಕು.

ಆದ್ರೆ ಆ ಸಂಸ್ಥೆ ನಿಂತಿರೋ ಬಡಾವಣೆಯ ಚರಿತ್ರೆಯನ್ನೂ ಓದಬೇಕಲ್ವಾ? 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಂ ಬೆಳೆದವು. ಗಾಳಿ ಬೆಳಕಿಗೆ ಅಗಲವಾದ ರಸ್ತೆ ಬಿಟ್ಟರು. ಆದ್ರೆ ಹಳೇ ಪೇಟೆಯ ಜಾತಿವಾರು ವಿಂಗಡಣೆ ಹೊಸ ಬಡಾವಣೆಗಳಿಗೂ ಬಂತು. ಬೆಂಗಳೂರಿನ ಬಗ್ಗೆ ಜಾನಕಿ ನಾಯರ್ ಬರೆದ 'ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್' ಪಟ್ಟಿಯಲ್ಲಿ ಮೊದಲನೇದು.

ಎರಡನೇದು, ಗೋಖಲೆಯವರದ್ದೇ ಒಂದು ಭಾಷಣ. 1903ರ ಏಪ್ರಿಲ್, ನಮ್ಮ ಧಾರವಾಡ. ಸಾಮಾಜಿಕ ಪರಿಷತ್ತಿನಲ್ಲಿ ಅಸ್ಪೃಶ್ಯರ ಏಳಿಗೆಯ ನಿರ್ಣಯ ಮಂಡಿಸಿ ಮಾತಾಡ್ತಾರೆ. ಗುರು ರಾನಡೆಯವರನ್ನ ನೆನಪಿಸಿಕೊಂಡು ಕೇಳೋ ಪ್ರಶ್ನೆ ಇಷ್ಟು: ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರಿಗೆ ಅನ್ಯಾಯ ಅಂತ ಕೂಗೋ ನಾವು ನಮ್ಮ ಊರಲ್ಲಿ ಮಾಡ್ತಿರೋದು ಏನು? ಎಂಟು ವರ್ಷ ಆದ್ಮೇಲೆ, 1911ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದವರೂ ಇವರೇ. 1912ರಲ್ಲಿ ಅದು ಬಿದ್ದುಹೋಯ್ತು. ಗೋಖಲೆ ಹೆಸರು ಹೇಳೋರು ಈ ಭಾಷಣ ಎಷ್ಟು ಸಲ ಓದಿಸ್ತಾರೆ, ನೀವೇ ಕೇಳಿ ನೋಡಿ.

ಮೂರನೇದು, ಇದಕ್ಕೆ ಜೋಡಿಯಾಗಿ ಓದಬೇಕಾದ್ದು. 1943ರ ಜನವರಿ 18, ಪುಣೆಯ ಗೋಖಲೆ ಸ್ಮಾರಕ ಭವನ. ಬಾಬಾಸಾಹೇಬರು 'ರಾನಡೆ, ಗಾಂಧಿ ಮತ್ತು ಜಿನ್ನಾ' ಬಗ್ಗೆ ಮಾತಾಡ್ತಾರೆ. ರಾನಡೆಯವರನ್ನ ಮನಸಾರೆ ಹೊಗಳ್ತಾರೆ. ಹಾಗೇನೇ ಉದಾರವಾದಿಗಳಿಗೆ ಸಂಘಟನೆ ಇಲ್ಲ ಅಂತ ನೇರವಾಗಿ ಹೇಳ್ತಾರೆ. ವ್ಯಕ್ತಿಪೂಜೆ ಬೇಡ ಅಂತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹಕ್ಕನ್ನ ಕಾಯೋದು ಕಾನೂನೊಂದೇ ಅಲ್ಲ, ಸಮಾಜದ ಮನಸ್ಸಾಕ್ಷಿ. ಅದು ಒಪ್ಪದಿದ್ರೆ ಕಾಗದದ ಮೇಲಿನ ಹಕ್ಕು ಕಾಗದದಲ್ಲೇ ಉಳಿಯುತ್ತೆ ಅನ್ನೋದು ಅವರ ವಾದ. ಕಂಬಾಲಪಲ್ಲಿ ನೋಡಿದ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ನಾಲ್ಕನೇದು ಅರ್ಥಶಾಸ್ತ್ರ. 1923ರ 'ದಿ ಪ್ರಾಬ್ಲಂ ಆಫ್ ದಿ ರುಪೀ' ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬಾಬಾಸಾಹೇಬರು ಬರೆದ ಪ್ರಬಂಧ. ಸರ್ಕಾರ ಮನಸ್ಸಿಗೆ ಬಂದಷ್ಟು ನಾಣ್ಯ ನೋಟು ಹೊರಡಿಸಬಾರದು, ಅದಕ್ಕೊಂದು ಕಡಿವಾಣ ಬೇಕು ಅಂತಾರೆ. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಇನ್ನೂ ಸ್ಪಷ್ಟವಾಗಿ ಹೇಳಿದ್ರು: ರೂಪಾಯಿ ಬೆಲೆ ಇಳಿದಾಗ ವ್ಯಾಪಾರಿಗೆ ಬರೋ ಲಾಭ ಆಕಾಶದಿಂದ ಬೀಳಲ್ಲ, ಕೂಲಿಕಾರನ ಜೇಬಿಂದ ಹೋಗುತ್ತೆ. ಆಮೇಲೆ 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಓದಿ. ಸರ್ಕಾರ ಸುಮ್ಮನೆ ಕೈಕಟ್ಟಿ ಕೂತ್ರೆ ಸಿಗೋ ಸ್ವಾತಂತ್ರ್ಯ ಜಮೀನ್ದಾರನಿಗೋ, ಜೀತದಾಳಿಗೋ? ಉದಾರವಾದಕ್ಕೆ ಇದಕ್ಕಿಂತ ಗಟ್ಟಿ ಪ್ರಶ್ನೆ ನಾನು ಓದಿಲ್ಲ.

ಐದನೇದು ಪುಸ್ತಕ ಅಲ್ಲ, ಸರ್ಕಾರಿ ವರದಿ. ಮೈಸೂರು ಸಂಸ್ಥಾನದ ಮಿಲ್ಲರ್ ಸಮಿತಿ, 1919. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲೆರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು. ಅರ್ಹ ಅಸ್ಪೃಶ್ಯರು ಸಿಕ್ಕರೆ ಅವರಿಗೆ ಆದ್ಯತೆ ಕೊಡಬೇಕು ಅಂತ ಶಿಫಾರಸು ಮಾಡ್ತು. ಜಾತಿ ನೋಡಿ ಕೆಲಸ ಕೊಡೋದು ದಿವಾನ್ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆ ಇರಲಿಲ್ಲ. 1918ರ ಕೊನೆಗೇ ಹುದ್ದೆ ಬಿಟ್ಟಿದ್ರು. 'ಪ್ರತಿಭೆ' ಅನ್ನೋ ವಾದ ಇವತ್ತಿನದ್ದಲ್ಲ, ನೂರು ವರ್ಷ ದಾಟಿದೆ. ಅದಕ್ಕೆ ಉತ್ತರವೂ ಅಷ್ಟೇ ಹಳೇದು, ಅದೂ ಅಂಕಿ ಅಂಶ ಸಮೇತ.

ನಾನು ಯಾರನ್ನೂ ಓದಬೇಡಿ ಅಂತಿಲ್ಲ. ಮಿಲ್ ಓದಿ, ಸ್ಮಿತ್ ಓದಿ, ಡಿವಿಜಿಯವರ 'ರಾಜ್ಯಶಾಸ್ತ್ರ' ಓದಿ. ಓದುವಾಗ ಪ್ರತಿ ಪುಟಕ್ಕೂ ಒಂದೇ ಪ್ರಶ್ನೆ ಹಾಕಿ: ಇಲ್ಲಿ 'ಪ್ರಜೆ' ಅಂದ್ರೆ ಯಾರು? ಊರಿನವನೋ, ಕೇರಿಯವನೂ ಸೇರಿಯೋ?

ಬಾಬಾಸಾಹೇಬರ ಬರಹಗಳ ಸಂಪುಟಗಳನ್ನ ಸರ್ಕಾರವೇ ಕನ್ನಡದಲ್ಲಿ ತಂದಿದೆ. ಇಂಗ್ಲಿಷ್ ಬರಲ್ಲ ಅಂತ ಹಿಂಜರೀಬೇಡಿ. ಹಾಸ್ಟೆಲ್‌ನಲ್ಲಿ ನಾಲ್ಕು ಜನ ಸೇರಿ, ಭಾನುವಾರಕ್ಕೊಂದು ಅಧ್ಯಾಯ ಇಟ್ಕೊಳ್ಳಿ. ನಿಮ್ಮೂರಿನ ಗ್ರಂಥಾಲಯಕ್ಕೆ ಹೋದಾಗ ಅವರ ಪುಸ್ತಕ ಯಾವ ಕಪಾಟಿನಲ್ಲಿದೆ ನೋಡಿ. ಅರ್ಥಶಾಸ್ತ್ರದ ಕಪಾಟಿನಲ್ಲಿ ಇಲ್ಲದಿದ್ರೆ, ಅಲ್ಲಿ ಇಡಿ ಅಂತ ಬರೆದುಕೊಟ್ಟು ಬನ್ನಿ.

ಜೈಭೀಮ್.